ಉಪ್ಪಿಟ್ಟಿಗೆ ಒಯ್ದ ಕರಟ

ನಮ್ಮ ಬೀದಿಯ ತಿರುವಿನಲ್ಲಿ ಬಟ್ಟೆ ಇಸ್ತ್ರಿ ಮಾಡುವವನು ಬೆಳಗಾಗುತ್ತಲೇ ತೆಂಗಿನ ಕರಟಕ್ಕೆ ಬೆಂಕಿ ಹಚ್ಚಿ ತನ್ನ ಪೆಟ್ಟಿಗೆಗೆ ಕೆಂಡ ಮಾಡಿಕೊಳ್ಳುತ್ತಾನೆ. ಆ ಹೊಗೆಯಲ್ಲಿ ಸುಟ್ಟ ಎಣ್ಣೆಯ ಒಂದು ಸಿಹಿ ವಾಸನೆ ಇರುತ್ತದೆ. ಅದು ಮೂಗಿಗೆ ಬಡಿದರೆ ಸಾಕು, ಈ ವಯಸ್ಸಿನಲ್ಲೂ ನನಗೆ ಹಸಿವಾಗುತ್ತದೆ. ಮೊನ್ನೆ ಅಲ್ಲೇ ಷರ್ಟಿಗೆ ಕಾಯುತ್ತ ನಿಂತಿದ್ದ ಒಬ್ಬರು, ಪೇಪರ್ ಮಡಚಿ ಕಂಕುಳಿಗೆ ಸಿಕ್ಕಿಸಿಕೊಂಡು, "ಸ್ಕೂಲಲ್ಲಿ ಊಟವಂತೆ, ಹಾಲಂತೆ, ಮೊಟ್ಟೆಯಂತೆ. ಬಿಟ್ಟಿ ಕೊಟ್ಟು ಕೊಟ್ಟೇ ಜನಾನ ಕೆಡಿಸಿದ್ರು ಕಣ್ರೀ" ಎಂದರು. ಮನೆಯಲ್ಲಿ ಹೊಟ್ಟೆ ಬಿರಿಯ ತಿಂಡಿ ತಿಂದು ಬಂದಿದ್ದಾರೆಂದು ಅವರ ತೇಗೇ ಹೇಳುತ್ತಿತ್ತು. ಬೀದಿಯಲ್ಲಿ ಜಗಳವೇಕೆಂದು ಮನೆಯ ಕಡೆ ನಡೆದೆ. ಸಿಟ್ಟು ಮಾತ್ರ ಇಳಿಯಲಿಲ್ಲ. ಶಾಲೆಯ ಊಟ ನಮಗೆ ಬಿಟ್ಟಿ ಸಿಗಲಿಲ್ಲ ಸ್ವಾಮಿ. ಅದಕ್ಕೆ ನಮ್ಮ ಮನೆಯಿಂದ ಏನು ಹೋಯಿತು ಎಂಬುದನ್ನು ಇಲ್ಲಿ ಬರೆಯುತ್ತೇನೆ.

ಅರಸೀಕೆರೆಗೆ ಹತ್ತಿರದ ಒಂದು ಹಳ್ಳಿಯಲ್ಲಿ ನಮ್ಮದು ಎರಡಂಕಣದ ಮನೆ. ಅಜ್ಜಿ, ಅಕ್ಕ ಜಯ, ನಾನು, ಇಷ್ಟೇ ಜನ. ಅಪ್ಪ ಅವ್ವ ನನಗೆ ಬುದ್ಧಿ ತಿಳಿಯುವ ಮೊದಲೇ ಹೋಗಿದ್ದರು. ಅಜ್ಜಿ ಸಾಹುಕಾರರ ಹಟ್ಟಿಯಲ್ಲಿ ಕೊಬ್ಬರಿ ಒಡೆಯುತ್ತಿದ್ದಳು. ವರ್ಷವೆಲ್ಲ ಅಟ್ಟದ ಮೇಲೆ ಒಣಗಿದ ಕಾಯನ್ನು ಒಳಗಿನ ಉಂಡೆಗೆ ಏಟು ತಾಗದಂತೆ ಬಿಡಿಸುವ ಕೆಲಸ ಅದು. ಕೂಲಿಯ ಜೊತೆಗೆ ಒಂದು ಮಡಿಲು ಕರಟ ಕೊಡುತ್ತಿದ್ದರು. ಆ ಕರಟದ ಬೆಂಕಿಯಲ್ಲೇ ರಾತ್ರಿಯ ಮುದ್ದೆ ಬೇಯುತ್ತಿತ್ತು. ಅಜ್ಜಿಯ ಸೀರೆಗೆ ಸದಾ ಕೊಬ್ಬರಿಯ ವಾಸನೆ, ಅಂಗೈಗೆ ಸದಾ ನಾರಿನ ಸಿಬಿರು. ಬೆಳಿಗ್ಗೆ ತಂಗಳು ಮುದ್ದೆಗೆ ಮಜ್ಜಿಗೆ ಸಿಕ್ಕರೆ ಹಬ್ಬ. ಮಧ್ಯಾಹ್ನ ಎಂಬ ಊಟದ ಹೊತ್ತು ಒಂದಿದೆ ಎಂದು ನನಗೆ ತಿಳಿದದ್ದೇ ಶಾಲೆಗೆ ಸೇರಿದ ಮೇಲೆ.

ಎಪ್ಪತ್ತರ ದಶಕದ ಕೊನೆಯ ವರ್ಷಗಳು ಅವು. ಶಾಲೆಗೆ ಹೊರದೇಶದ ಗೋಧಿ ರವೆ ಮೂಟೆಯಲ್ಲಿ, ಎಣ್ಣೆ ಡಬ್ಬದಲ್ಲಿ ಬರುತ್ತಿತ್ತು. ಹಿತ್ತಲಲ್ಲಿ ಮೂರು ಕಲ್ಲಿನ ಒಲೆ. ಅಡುಗೆಯಾಕೆ ಶಾಲೆಯ ಬೇಲಿಯ ನುಗ್ಗೆ ಸೊಪ್ಪನ್ನು ನಮ್ಮಿಂದಲೇ ಬಿಡಿಸಿ ಉಪ್ಪಿಟ್ಟಿಗೆ ಹಾಕುತ್ತಿದ್ದಳು. ಆ ಬಿಸಿ ಉಪ್ಪಿಟ್ಟನ್ನು ಮುತ್ತುಗದ ಎಲೆಯ ಮೇಲೆ ಊದಿ ಊದಿ ತಿಂದ ವರ್ಷವೇ ನನ್ನ ಕಟವಾಯಿಯ ಹುಣ್ಣು ಮಾಯಿತು. ಅದಕ್ಕೆ ಮೊದಲು ಮಧ್ಯಾಹ್ನದ ಲೆಕ್ಕದ ಪಾಠದಲ್ಲಿ ಹಲಗೆಯ ಮೇಲಿನ ಅಂಕಿಗಳು ನನ್ನ ಕಣ್ಣ ಮುಂದೆ ಇರುವೆಗಳ ಹಾಗೆ ಹರಿದಾಡುತ್ತಿದ್ದವು. ದಡ್ಡಿ ಎಂದು ಕಿವಿ ಹಿಂಡಿಸಿಕೊಂಡಿದ್ದೆ. ಹೊಟ್ಟೆಗೆ ಬಿದ್ದ ಮೇಲೆ ಅಂಕಿಗಳು ನಿಂತಲ್ಲೇ ನಿಂತವು. ದಡ್ಡತನ ಎಂದು ಕರೆದದ್ದು ಬರಿಯ ಹಸಿವಾಗಿತ್ತು. ಆಮೇಲೂ ಯಾರೂ ಅದನ್ನು ನನಗೆ ಹೇಳಲಿಲ್ಲ.

ಆದರೆ ಒಂದು ಕಟ್ಟಳೆ ಇತ್ತು. ಉಪ್ಪಿಟ್ಟು ಬೇಕಾದವರು ಬೆಳಿಗ್ಗೆ ತಲೆಗೊಂದು ಸೌದೆ ತರಬೇಕು. ಸಮುದ್ರದಾಚೆಯಿಂದ ಗೋಧಿ ತರಿಸಬಲ್ಲವರಿಗೆ ಒಂದು ಹೊರೆ ಸೌದೆ ತರಿಸಲು ಆಗಲಿಲ್ಲ. ತೋಟ ಇದ್ದವರ ಮಕ್ಕಳು ತೆಂಗಿನ ಮಟ್ಟೆ ಎಳೆದುಕೊಂಡು ಬರುತ್ತಿದ್ದರು. ಹಾಗೆ ನೋಡಿದರೆ ಅವರಿಗೆ ಆ ಉಪ್ಪಿಟ್ಟು ಬೇಕೇ ಇರಲಿಲ್ಲ. ನಾವಿಬ್ಬರೂ ಹಿಡಿ ಹಿಡಿ ಕರಟ ಒಯ್ಯುತ್ತಿದ್ದೆವು, ಅಂದರೆ ರಾತ್ರಿಯ ಒಲೆಯ ಪಾಲನ್ನು ಮಧ್ಯಾಹ್ನದ ಒಲೆಗೆ ಹಾಕುತ್ತಿದ್ದೆವು.

ಒಂದು ಮಳೆಗಾಲ ಮಂಡಿಯಲ್ಲಿ ಕೊಬ್ಬರಿ ಬೆಲೆ ಬಿದ್ದುಹೋಯಿತು. ಬೆಲೆ ಏರಲಿ ಎಂದು ಸಾಹುಕಾರರು ಅಟ್ಟದಿಂದ ಕಾಯಿ ಇಳಿಸಲೇ ಇಲ್ಲ. ಅಜ್ಜಿಗೆ ಕೆಲಸವಿಲ್ಲ, ಮನೆಯಲ್ಲಿ ಕರಟವಿಲ್ಲ. ಮೂಲೆಯಲ್ಲಿ ಉಳಿದಿದ್ದನ್ನೆಲ್ಲ ಅಕ್ಕ ನನ್ನ ಚೀಲಕ್ಕೇ ಹಾಕಿ, ಉಪ್ಪಿಟ್ಟು ಬಡಿಸುವ ಹೊತ್ತಿಗೆ ತಾನು ಶಾಲೆಯ ಬೇಲಿಯ ನುಗ್ಗೆ ಮರದ ಹತ್ತಿರ ನಿಲ್ಲುತ್ತಿದ್ದಳು. "ನಂಗೆ ಹಸಿವಿಲ್ಲ ಕಣೇ, ನೀನು ಉಣ್ಣೋಗು" ಎನ್ನುತ್ತಿದ್ದಳು. ಅದೂ ಮುಗಿದ ದಿನ ಅವಳು ದಾರಿಯಲ್ಲಿ ಸಾಹುಕಾರರ ಬೇಲಿಯಿಂದ ಎರಡು ಒಣಕಡ್ಡಿ ಎಳೆದಳು. ಅವರ ಆಳು ಹಿಂದೆಯೇ ಶಾಲೆಗೆ ಬಂದ. "ಬೇಲಿ ಕಿತ್ತೋಳು ನಾಳೆ ಕಾಯಿ ಕೀಳ್ತಾಳೆ ಸಾ" ಎಂದ. ಹೆಡ್ ಮೇಷ್ಟ್ರು ಪ್ರಾರ್ಥನೆಯ ಸಾಲಿನ ಮುಂದೆ ಅಕ್ಕನ ತಲೆಯ ಮೇಲೆ ಆ ಎರಡು ಕಡ್ಡಿ ಹೊರಿಸಿ ನಿಲ್ಲಿಸಿದರು. ಮಕ್ಕಳು ನಕ್ಕರು. ಮಧ್ಯಾಹ್ನ ಅದೇ ಕಡ್ಡಿಗಳನ್ನು ಒಲೆಗೆ ತುರುಕಿದರು. ಕದ್ದ ಕಡ್ಡಿಯ ಉಪ್ಪಿಟ್ಟನ್ನು ಯಾರೂ ಬೇಡ ಎನ್ನಲಿಲ್ಲ.

ಮಾರನೆಯ ದಿನ ಅಜ್ಜಿ ನನ್ನ ಕೈ ಹಿಡಿದುಕೊಂಡು ಶಾಲೆಯ ಜಗುಲಿ ಹತ್ತಿದಳು. "ಮೇಷ್ಟ್ರೇ, ರವೆ ಬತ್ತದೆ, ಎಣ್ಣೆ ಬತ್ತದೆ. ಬೆಂಕಿ ಮಾತ್ರ ಉಣ್ಣೋ ಮಕ್ಳೇ ತರಬೇಕಾ? ಒಲೆ ಉರಿಸಾಕೆ ಆಗೋ ಮನೆಯೋರಾಗಿದ್ರೆ ಅವು ನಿಮ್ಮ ಎಲೆ ಮುಂದೆ ಯಾಕ್ ಕೂರ್ತಿದ್ವು?"

ಮೇಷ್ಟ್ರು ಕನ್ನಡಕ ಒರೆಸಿಕೊಂಡರು. "ನಾನೇನ್ ಮಾಡ್ಲಮ್ಮಾ, ಸೌದೆಗೆ ಅಂತ ಮೇಲಿಂದ ಏನೂ ಕೊಡಲ್ಲ. ಆಗಿದ್ದಾಯ್ತು, ಹುಡುಗೀನ ಕಳ್ಸಿ, ಬರಿಗೈಲೇ ಬರಲಿ."

ಅಕ್ಕ ಹೋಗಲಿಲ್ಲ. ಅಜ್ಜಿ ರಮಿಸಿದಳು, ಬೈದಳು, ಕೊನೆಗೆ ಅತ್ತಳು. "ಕಡ್ಡಿ ಕಳ್ಳಿ ಅಂತವೆ ಕಣಜ್ಜಿ" ಎಂದು ಒಂದೇ ಮಾತು ಹೇಳಿ ಅಕ್ಕ ಗೋಡೆಗೆ ಮುಖ ಮಾಡಿ ಮಲಗಿದಳು. ಬೆಲೆ ಏರಿ ಅಟ್ಟದ ಕಾಯಿ ಇಳಿದಾಗ ಅಜ್ಜಿಯ ಪಕ್ಕದಲ್ಲಿ ತಾನೂ ಕೊಬ್ಬರಿ ಒಡೆಯಲು ಕೂತಳು. ಬರಿಗೈಲಿ ಬರಲಿ ಎಂದು ಮೇಷ್ಟ್ರು ಹೇಳಿದ್ದು ಅವಳೊಬ್ಬಳಿಗೆ. ಕಟ್ಟಳೆ ಹಾಗೇ ಉಳಿಯಿತು. ಅಂದಿನಿಂದ ನನ್ನ ಚೀಲಕ್ಕೆ ಬಿದ್ದದ್ದು ಅಕ್ಕನ ಕೂಲಿಯ ಕರಟ. ನನಗಿಂತ ಚೆನ್ನಾಗಿ ಓದುತ್ತಿದ್ದವಳು ಅವಳು. ನಮ್ಮ ವಂಶದಲ್ಲಿ ಮೊದಲು ಡಿಗ್ರಿ ಪಡೆದವಳು ನಾನು, ಈಗಲೂ ಎದೆಯುಬ್ಬಿಸಿಯೇ ಹೇಳುತ್ತೇನೆ. ಆದರೆ ಆ ಡಿಗ್ರಿಯಲ್ಲಿ ಅರ್ಧಕ್ಕೆ ನಿಂತ ಅವಳ ಓದೂ ಇದೆ. ಮಕ್ಕಳ ಎಲೆಗೆ ಬಿದ್ದ ತುತ್ತನ್ನು ಬಿಟ್ಟಿ ಎನ್ನುವವರು ಅವಳ ಎದುರು ನಿಂತು ಹಾಗೆನ್ನಬೇಕಿತ್ತು. ಈಗ ಅವಳೂ ಇಲ್ಲ, ಅಜ್ಜಿಯೂ ಇಲ್ಲ. ಮನೆ ಇದ್ದ ಜಾಗದಲ್ಲಿ ಯಾರದೋ ಕಾಯಿ ರಾಶಿ ಬಿದ್ದಿದೆ.

ಕಾಲೇಜು ಓದಲು ನಾನು ಹಾಸನಕ್ಕೆ ಹೊರಟ ದಿನ ಬಸ್ಸಿನ ಕಿಟಕಿಯ ಹತ್ತಿರ ಬಂದು ಅಕ್ಕ ಮೆಲ್ಲಗೆ ಕೇಳಿದ್ದಳು: "ಹಾಸ್ಟೆಲ್‌ನಾಗೆ ಉಣ್ಣಾಕೆ ಸೌದೆ ಕೊಡಬೇಕೇನೇ?"

"ಇಲ್ಲ ಕಣಕ್ಕ, ಹಂಗೇನಿಲ್ಲ" ಎಂದೆ.

ಅವಳು ತಲೆಯಾಡಿಸಿದಳು. ಹಾಸ್ಟೆಲಿನಲ್ಲಿ ಚೀಲ ಬಿಚ್ಚಿ ಬಟ್ಟೆ ತೆಗೆದಿಟ್ಟಾಗ, ತಳದಲ್ಲಿ ಹಳೆಯ ಸೀರೆಯ ತುಂಡಿನಲ್ಲಿ ಕಟ್ಟಿಟ್ಟ ಒಂದು ಹಿಡಿ ಕರಟ ಇತ್ತು.