ನಲ್ಲಿ ಮಾವ ಮುಚ್ಚಿದ ತೂತುಗಳು

ಆ ಮೂರಂತಸ್ತಿನ ಕಟ್ಟಡದಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರೇ ಇಲ್ಲ. ದೊಡ್ಡವರಿಗೂ ಚಿಕ್ಕವರಿಗೂ ಅವನು ನಲ್ಲಿ ಮಾವ. ಮೂವತ್ತು ವರ್ಷದಿಂದ ಪ್ಲಂಬರ್ ಕೆಲಸ. ಎಲ್ಲಾದರೂ ಹನಿ ತೊಟ್ಟಿಕ್ಕಿದರೆ ಕಿವಿ ನೆಟ್ಟಗಾಗುತ್ತದೆ. ನೆಂಟರ ಮನೆಗೆ ಊಟಕ್ಕೆ ಹೋದರೂ ಕೈ ತೊಳೆಯುವ ನೆಪದಲ್ಲಿ ಅವರ ಬಚ್ಚಲಿನ ನಲ್ಲಿ ಬಿಗಿ ಮಾಡಿ ಬರುವ ಆಸಾಮಿ.

ಹೆಂಡತಿಗೆ ಗಿಡಗಳ ಹುಚ್ಚು. ಕಿಟಕಿಯ ಹಲಗೆ, ಬಾಲ್ಕನಿ, ಕಪಾಟಿನ ನೆತ್ತಿ ಎಲ್ಲ ಸೇರಿ ಹನ್ನೊಂದು ಕುಂಡ. ಒಣಕಡ್ಡಿ ಚುಚ್ಚಿದರೂ ಚಿಗುರುತ್ತದೆ, ಅಂಥ ಕೈಗುಣ ಎಂದು ಅಕ್ಕಪಕ್ಕದವರು ತಮ್ಮ ಸಸಿಗಳನ್ನೂ ಅವಳಿಂದಲೇ ನೆಡಿಸುತ್ತಿದ್ದರು. ಆ ಮಾತು ಕೇಳಿದ ದಿನ ಅವಳು ಸಂಜೆಯವರೆಗೂ ಏನಾದರೂ ಗುನುಗುತ್ತಿದ್ದಳು.

ಒಮ್ಮೆ ಅವಳು ತಂಗಿಯ ಮನೆಗೆ ಹೋಗಿದ್ದಾಗ ಕೆಳಮನೆಯ ಮೇಡಂ ಮೆಟ್ಟಿಲು ಹತ್ತಿ ಬಂದರು. "ನಿಮ್ಮ ಕುಂಡದ ನೀರು ನಮ್ಮ ಒಗೆದ ಬಟ್ಟೆ ಮೇಲೆ ಸೋರ್ತಿದೆ. ಪ್ಲಂಬರ್ ಮನೇಲೇ ಹೀಗಾದ್ರೆ ಹೇಗೆ?"

ಮಾವನಿಗೆ ಮಾನ ಹೋದಂತಾಯಿತು. ಅಂದೇ ಒಂದೊಂದೇ ಕುಂಡವನ್ನು ಮಗ್ಗುಲಿಗೆ ವಾಲಿಸಿ, ಪೈಪಿನ ಬಿರುಕಿಗೆ ಮೆತ್ತುವ ಅಂಟನ್ನು ತಳದ ತೂತಿಗೆ ಹೆಬ್ಬೆರಳಿನಿಂದ ಅದುಮಿದ. ಹನ್ನೊಂದರಲ್ಲಿ ಒಂದೂ ಸೋರಲಿಲ್ಲ. ಇಂಥ ಚಿಲ್ಲರೆ ಕೆಲಸವನ್ನು ಹೆಂಡತಿಗೆ ಹೇಳಬೇಕೆಂದು ಅನ್ನಿಸಲೇ ಇಲ್ಲ. ಮರೆತೂಬಿಟ್ಟ.

ಅವಳು ಬಂದ ಮೂರನೆಯ ವಾರ ಜರಿಗಿಡ ಬಾಡಿತು. ನೀರು ಸಾಲದೇನೋ ಎಂದು ಇನ್ನಷ್ಟು ಹಾಕಿದಳು. ಕ್ರೋಟನ್ ಎಲೆ ಉದುರಿಸಿತು. ಅದಕ್ಕೂ ಇನ್ನೊಂದು ಚೊಂಬು. ಬಿಸಿಲಿಗಿಟ್ಟಳು, ನೆರಳಿಗಿಟ್ಟಳು. ಲೋಳೆಸರ ಬುಡದಲ್ಲೇ ಕೊಳೆತು ಕುಸಿಯಿತು.

"ರೀ, ಏನಾಗಿದೆ ಇವಕ್ಕೆ? ನಾನೇನೂ ಬೇರೆ ಥರ ಮಾಡ್ತಿಲ್ಲ."

ಮಾವ ನಲ್ಲಿ ಬಿಗಿ ಮಾಡುವ ಪಾನಾ ಒರೆಸುತ್ತಾ ನಕ್ಕ. "ನಿನಗೂ ವಯಸ್ಸಾಯ್ತಲ್ಲೇ. ಕೈಗುಣ ರಿಟೈರ್ ಆಗಿರ್ಬೇಕು."

ಅವಳು ನಗಲಿಲ್ಲ. ಎರಡೂ ಕೈಗಳನ್ನು ತಿರುಗಿಸಿ ನೋಡಿಕೊಂಡಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಹನಿ ಬಿದ್ದರೆ ಕೇಳಿಸಿಕೊಳ್ಳುವ ಮಹಾರಾಯನಿಗೆ ಅವತ್ತು ಮುತ್ತು ಒಡೆದದ್ದು ಕೇಳಿಸಲಿಲ್ಲ.

ಬೇಸಿಗೆ ಮುಗಿಯುವಷ್ಟರಲ್ಲಿ ಉಳಿದದ್ದು ಮನಿಪ್ಲಾಂಟ್ ಒಂದೇ, ಅದೂ ಹಳದಿಗೆ ತಿರುಗಿತ್ತು. "ಇದನ್ನ ನೀವೇ ನೋಡ್ಕೊಳ್ಳಿ, ನಾನು ಮುಟ್ಟಿದ್ರೆ ಇದೂ ಹೋಗುತ್ತೆ" ಅಂದಳು.

ಸತ್ತ ಗಿಡಗಳ ಕುಂಡಗಳನ್ನು ಮೂಲೆಗೆ ಸೇರಿಸಲೆಂದು ಮಾವ ಒಂದನ್ನು ಬೋರಲು ಹಾಕಿದ. ನಾರುವ ಕರಿನೀರು ಪಾದದ ಮೇಲೆ ಸುರಿಯಿತು. ತಳ ನೋಡಿದರೆ ಬೂದು ಅಂಟು, ಅದರ ಮೇಲೆ ತನ್ನದೇ ಹೆಬ್ಬೆರಳಿನ ಗುರುತು. ಇನ್ನೊಂದನ್ನು ಎತ್ತಿದ, ಮತ್ತೊಂದನ್ನು ಎತ್ತಿದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ, ತಪ್ಪು ತನ್ನದು, ಬರೆ ಬಿದ್ದದ್ದು ಅವಳ ಕೈಗೆ.

ಮನಿಪ್ಲಾಂಟಿನ ಕುಂಡದ ತೂತಿನ ಅಂಟನ್ನು ಆಗಲೇ ಕೊರೆದು ತೆಗೆದ. ಹೇಳಿಬಿಡೋಣವೆಂದು ಅಡುಗೆಮನೆಯ ಬಾಗಿಲವರೆಗೂ ಹೋದ. "ಏನ್ರೀ?" ಅಂದಳು. "ಒಂದ್ಲೋಟ ನೀರು ಕೊಡು" ಅಂದ. ನಾಳೆ ಹೇಳಿದರಾಯಿತು ಅಂದುಕೊಂಡ. ನಾಳೆಗೆ ನಾಳೆ ಸೇರಿತು. ತಿಂಗಳಾದ ಮೇಲಂತೂ ಇಷ್ಟು ದಿನ ಯಾಕೆ ಬಾಯಿ ಬಿಡಲಿಲ್ಲ ಎಂಬುದಕ್ಕೂ ಉತ್ತರ ಕೊಡಬೇಕಿತ್ತು.

ಅಷ್ಟರಲ್ಲಿ ಮನಿಪ್ಲಾಂಟ್ ನಾಲ್ಕು ಹೊಸ ಎಲೆ ಬಿಟ್ಟಿತ್ತು.

ಒಂದು ಭಾನುವಾರ ಕೆಳಮನೆಯ ಮೇಡಂ ಗುಲಾಬಿ ಕಡ್ಡಿಯೊಂದನ್ನು ಹಿಡಿದು ಬಂದರು. "ನಿಮ್ಮ ಕೈಯಿಂದ್ಲೇ ನೆಟ್ಟುಕೊಡಿ ಅಕ್ಕಾ."

ಅವಳು ಕೈಗಳನ್ನು ಬೆನ್ನ ಹಿಂದಕ್ಕೆ ಸರಿಸಿಕೊಂಡಳು. "ನನ್ನ ಕೈ ಬೇಡಮ್ಮ, ಅವರ ಕೈಲಿ ನೆಡಿಸಿ. ಸಾಯೋ ಗಿಡಾನೂ ಬದುಕಿಸ್ತಾರೆ ನಮ್ಮನೆಯವರು."

ದನಿಯಲ್ಲಿ ಹೆಮ್ಮೆಯಿತ್ತು, ನಿಜವಾದ ಹೆಮ್ಮೆ. ಹೇಳುವುದಾದರೆ ಇದೇ ಗಳಿಗೆ ಎಂದು ಮಾವನಿಗೆ ಗೊತ್ತಿತ್ತು. ಕಡ್ಡಿ ಇಸಿದುಕೊಂಡ. ಕುಂಡದ ತಳ ತಿರುಗಿಸಿ ನೋಡಿ, ಮಣ್ಣು ತುಂಬಿ, ನೆಟ್ಟ.

ಅವಳು ದೂರದಲ್ಲೇ ನಿಂತು ಕೇಳಿದಳು: "ಇದಕ್ಕೆ ನೀರು ಎಷ್ಟು ಹಾಕ್ಬೇಕ್ರೀ?"