ಕುಂಕುಮವಿಟ್ಟ ಕಾರ್ಡು

ನನ್ನ ಜೇಬಿನ ಬ್ಯಾಂಕ್ ಕಾರ್ಡಿನ ಮೂಲೆಯಲ್ಲಿ ಒಂದು ಕುಂಕುಮದ ಕಲೆಯಿದೆ. ಪರ್ತ್ ಸಿಟಿಯ ಕಾಫಿ ಅಂಗಡಿಯಲ್ಲಿ ಅದನ್ನು ಯಂತ್ರಕ್ಕೆ ತಾಗಿಸುವಾಗಲೆಲ್ಲ ಅಲ್ಲಿನ ಹುಡುಗಿ ಗಾಯವೇನಾದರೂ ಆಗಿದೆಯೇ ಎಂಬಂತೆ ನನ್ನ ಬೆರಳು ನೋಡುತ್ತಾಳೆ. ಕಾಫಿ ಆರುವುದರೊಳಗೆ ಆಯುಧಪೂಜೆಯ ಮಹಾತ್ಮೆಯನ್ನು ಇಂಗ್ಲಿಷಿನಲ್ಲಿ ಬಣ್ಣಿಸುವ ಪಾಂಡಿತ್ಯ ನನಗಿಲ್ಲದ್ದರಿಂದ, ಒಂದು ನಗು ನಕ್ಕು ಹೊರಬೀಳುತ್ತೇನೆ.

ನಿಮ್ಮ ಮುಂದೆ ಬಣ್ಣಿಸಬಹುದು ನೋಡಿ. ಪರ್ತಿನ ಹೊರವಲಯದ ಹ್ಯಾರಿಸ್‌ಡೇಲಿನ ನಮ್ಮ ಮನೆಯಲ್ಲಿ ಆಯುಧಪೂಜೆಯ ದಿನ ಕಾರಿನ ಕೀಲಿಯಿಂದ ಮಿಕ್ಸಿಯವರೆಗೆ ಸಕಲವೂ ದೇವರ ಮುಂದೆ ಕೂರುತ್ತವೆ. ಕಳೆದ ಸಲ ಬ್ಯಾಂಕಿನಿಂದ ನಮ್ಮಿಬ್ಬರಿಗೂ ಹೊಸ ಕಾರ್ಡು ಬಂದಿತ್ತು. ಇವು ಬರೀ ದುಡ್ಡು ಕೊಡುವುದಕ್ಕಲ್ಲ, ಫೋನಿನ ಬೆನ್ನಿಗೆ ಮುಟ್ಟಿಸಿದರೆ ‘ಈತ ಈತನೇ’ ಎಂದು ಸಾಕ್ಷಿ ನುಡಿಯುವ ಬೀಗದ ಕೈಗಳೂ ಹೌದು ಎಂದು ಹೆಂಡತಿ ವಸುಧಾಳ ಮುಂದೆ ನಾನು ಬಡಾಯಿ ಕೊಚ್ಚಿದ್ದೆ. ಪಾಸ್‌ವರ್ಡುಗಳ ವಿಷಯದಲ್ಲಿ ನನ್ನ ವಿಸ್ಮೃತಿ ಜಗದ್ವಿಖ್ಯಾತವಾದ್ದರಿಂದ, ಫೋಟೊ, ಧ್ವನಿಮುದ್ರಣಗಳನ್ನೆಲ್ಲ ಪೇರಿಸಿಟ್ಟಿದ್ದ ಆನ್‌ಲೈನ್ ಖಾತೆಗೂ ನನ್ನ ಕಾರ್ಡನ್ನೇ ಕೀಲಿಯಾಗಿ ನೇಮಿಸಿದ್ದೆ. ಕೀಲಿ ಎಂದಮೇಲೆ ಪೂಜೆ ಬೇಡವೇ? ವಸುಧಾ ಎರಡಕ್ಕೂ ಕುಂಕುಮವಿಟ್ಟು, ಮಂಗಳಾರತಿಯಾದ ಮೇಲೆ ಪ್ರಸಾದದ ಜೊತೆ ಒಂದನ್ನು ನನ್ನ ಕೈಗಿಟ್ಟಳು.

ಈ ಬೇಸಿಗೆಯಲ್ಲಿ ಅಡಿಲೇಡಿನಲ್ಲಿರುವ ಮಗಳಿಗೆ ಹೆಣ್ಣುಮಗುವಾಯಿತು. ವಸುಧಾ ಬಾಣಂತನಕ್ಕೆ ಮೊದಲೇ ಹೋಗಿದ್ದಳು. ನಾಮಕರಣದ ದಿನ ಮಗುವನ್ನು ತೊಟ್ಟಿಲಿಗೆ ಹಾಕುವಾಗ ತೀರಿಹೋದ ತನ್ನ ತಾಯಿಯ ಜೋಗುಳ ಕೇಳಿಸಬೇಕೆಂಬುದು ಅವಳ ಆಸೆ. ನನ್ನ ಅತ್ತೆ ಅಡುಗೆಮನೆಯಲ್ಲಿ ಗುನುಗುತ್ತಿದ್ದುದನ್ನು ನಾನೊಮ್ಮೆ ಫೋನಿನಲ್ಲಿ ಹಿಡಿದಿಟ್ಟಿದ್ದೆ. ಅವರ ಧ್ವನಿಯೆಂದು ನಮಗೆ ಉಳಿದದ್ದು ಅದೊಂದೇ, ಅದು ಇದ್ದದ್ದೂ ಆ ಖಾತೆಯಲ್ಲೇ. ಹೀಗಿರುವಾಗ, ಒಂಟಿ ಗೃಹಸ್ಥನಾಗಿ ಹುಳಿ ಮಾಡಹೊರಟ ನಾನು ಪಾಕವಿಧಾನ ನೋಡಲು ಬಗ್ಗಿದಾಗ ಫೋನು ಕೊತಕೊತ ಕುದಿಯುವ ಪಾತ್ರೆಯೊಳಗೆ ಬಿತ್ತು. ಹುಳಿಯೂ ಹೋಯಿತು, ಫೋನೂ ಹೋಯಿತು.

ಹೊಸ ಫೋನು ತಂದು, ಖಾತೆ ತೆರೆಯಲು ಗತ್ತಿನಿಂದ ಕಾರ್ಡು ಮುಟ್ಟಿಸಿದೆ. ಇದು ಈ ಖಾತೆಯ ಕೀಲಿಯಲ್ಲ ಎಂದಿತು. ಒರೆಸಿ ಮುಟ್ಟಿಸಿದೆ, ತಿರುಗಿಸಿ ಮುಟ್ಟಿಸಿದೆ, ಊಹೂಂ. ನನ್ನ ಕಣ್ಣು ಕುಂಕುಮದ ಮೇಲೆ ಬಿತ್ತು. ನಿನ್ನ ಪೂಜೆಯಿಂದಲೇ ಕಾರ್ಡು ಕೆಟ್ಟಿದೆ ಎಂದು ಅಡಿಲೇಡಿಗೆ ಫೋನು ಮಾಡಿ ಹೇಳಿಯೂಬಿಟ್ಟೆ. ಜಗಳಕ್ಕೆ ಬರುತ್ತಾಳೆಂದುಕೊಂಡಿದ್ದವಳು ಜಗಳಕ್ಕೆ ಬರಲಿಲ್ಲ.

“ನನ್ ಕೈಯಾರೆ ಅಮ್ಮನ್ನ ಕಳ್ಕೊಂಡ್ಬಿಟ್ನಾ?” ಎಂದಳು.

ಆ ಮಾತು ಕೇಳಿದ್ದೇ ಕಾರ್ಡನ್ನು ಜೇಬಿಗೆ ಹಾಕಿಕೊಂಡೆ. ಹತ್ತಿರದ ಬಡಾವಣೆ ವಿಲೆಟನ್ನಿನಲ್ಲಿರುವ ಗೆಳೆಯ ಲಾರೆನ್ಸ್‌ನ ಬಳಿಗೆ ಓಡಿದೆ. ಉಡುಪಿ ಕಡೆಯವನು, ದುಬೈಯಲ್ಲಿ ಬಹುಕಾಲ ಬ್ಯಾಂಕಿನ ಕಂಪ್ಯೂಟರುಗಳನ್ನು ನೋಡಿಕೊಂಡು ಬಂದವನು. ಕುಂಕುಮಕ್ಕೂ ಕಾರ್ಡಿನೊಳಗಿನ ಚಿಪ್ಪಿಗೂ ಇರಬಹುದಾದ ವೈರವನ್ನು ನಾನು ವೈಜ್ಞಾನಿಕವಾಗಿ ಪ್ರತಿಪಾದಿಸುತ್ತಿರುವಾಗ ಅವನು ಕನ್ನಡಕ ಏರಿಸಿ ಕಾರ್ಡಿನ ಹಿಂಬದಿ ನೋಡಿದ.

“ಮಾರಾಯ್ರೇ, ಇದು ನಿಮ್ಮ ಹೆಂಡ್ತಿ ಕಾರ್ಡಲ್ವಾ?”

ಎರಡೂ ಒಂದೇ ಬಣ್ಣ, ಹೆಸರೋ ಇರುವೆಯಷ್ಟು. ಬ್ಯಾಂಕಿನ ಖಾತೆ ಜಂಟಿ, ಪಿನ್ನೂ ಇಬ್ಬರದೂ ಮಗಳ ಹುಟ್ಟುಹಬ್ಬವೇ. ದೇವರ ಮುಂದೆ ಅದಲುಬದಲಾದ ಕಾರ್ಡಿನಿಂದ ನಾನು ತಿಂಗಳುಗಟ್ಟಲೆ ವಸುಧಾ ಆಗಿ ಬದುಕಿದ್ದೆ. ಆಫೀಸಿನ ಕೆಲಸಕ್ಕೆಂದು ಬ್ರಿಸ್ಬೇನಿಗೆ ಹೋಗಿ ಅವಳ ಹೆಸರಿನಲ್ಲಿ ಮಸಾಲೆದೋಸೆಯನ್ನೂ ತಿಂದು ಬಂದಿದ್ದೆ. ಅಂಗಡಿಯವನಿಗೆ ನಾನು ಯಾರಾದರೇನು?

ಪರ್ಸು ನೋಡೆಂದು ವಸುಧಾಳಿಗೆ ಹೇಳಿದೆ. ಅದರಲ್ಲಿದ್ದದ್ದು ನನ್ನ ಹೆಸರಿನ ಕಾರ್ಡು. ಹೆಸರು ಓದಿ ಅವಳು ಅಳುತ್ತಲೇ ನಗತೊಡಗಿದಳು. ನಾನೂ ನಕ್ಕೆ, ಆದರೆ ಖಾತೆ ತೆರೆಯುವವರೆಗೆ ನನಗೆ ನಿದ್ದೆ ನೆಟ್ಟಗೆ ಬರಲಿಲ್ಲ.

ನಾಮಕರಣಕ್ಕೆಂದು ಅಡಿಲೇಡಿಗೆ ಇಳಿದಾಗ, ಕರೆದೊಯ್ಯಲು ಬಂದ ವಸುಧಾ ಕಾರು ಹತ್ತುವುದಕ್ಕೂ ಬಿಡದೆ ನನ್ನ ಫೋನಿಗೆ ಕಾರ್ಡು ಮುಟ್ಟಿಸಿದಳು. ಖಾತೆ ತೆರೆಯಿತು. ಹಾಡಿಗೆ ಮೊದಲು ಬಂದದ್ದು ನನ್ನ ಅತ್ತೆಯ ಗದರಿಕೆ: “ಅಳಿಯಂದ್ರೇ, ಆ ಫೋನ್ ಕೆಳಗಿಟ್ಟು ಸ್ವಲ್ಪ ಸೊಪ್ಪು ಬಿಡಿಸ್ಕೊಡಿ.” ವಸುಧಾ ನನ್ನ ತೋಳು ಹಿಡಿದುಕೊಂಡು ಜೋಗುಳ ಮುಗಿಯುವವರೆಗೂ ಅಲ್ಲೇ ನಿಂತಳು.

ಗದರಿಕೆಯನ್ನು ಕತ್ತರಿಸೋಣವೆಂದು ಮಗಳು ಹೇಳಿದರೆ ವಸುಧಾ ಒಪ್ಪಲಿಲ್ಲ. ಹೀಗಾಗಿ ನನ್ನ ಮೊಮ್ಮಗಳು ತೊಟ್ಟಿಲಲ್ಲಿ ಮೊದಲು ಕೇಳಿಸಿಕೊಂಡದ್ದು ಅಜ್ಜನಿಗೆ ಬಿದ್ದ ಬೈಗುಳ. ಅದರ ಬೆನ್ನಿಗೇ ಮುತ್ತಜ್ಜಿಯ ಹಾಡು.

ಇಬ್ಬರೂ ಪರ್ತಿಗೆ ಮರಳಿದ ಮೇಲೆ ನನ್ನ ಕಾರ್ಡು ವಾಪಸು ಕೇಳಿದೆ. “ನಿಮ್ ಹತ್ರ ಇದ್ರೆ ಹುಳಿಗೆ ಬೀಳಿಸ್ತೀರಿ, ನನ್ ಹತ್ರಾನೇ ಇರ್ಲಿ” ಎಂದು ಅವಳು ಪರ್ಸಿನ ಜಿಪ್ಪೆಳೆದಳು. ಈಗಲೂ ಕಾಫಿ ಅಂಗಡಿಯಲ್ಲಿ ನಾನು ತಾಗಿಸುವುದು ಅವಳ ಕಾರ್ಡನ್ನೇ. ಕಾಫಿಗೇನೋ ಅದು ಸಾಕು. ನಾನು ನಾನೇ ಎಂದು ಯಾರಾದರೂ ರುಜುವಾತು ಕೇಳಿದರೆ ಮಾತ್ರ ಮನೆಗೆ ಹೋಗಿ ವಸುಧಾಳನ್ನು ಕೇಳಬೇಕು.