ಕೀಳದ ಹಾಲಗಂಬ

ಆ ಅತ್ತಿಮರ ಯಾರದೆಂದು ಕೇಳಿದರೆ ನನಗೆ ಇಂದಿಗೂ ಸಿಟ್ಟು ಬರುತ್ತದೆ, ಏಕೆಂದರೆ ಉತ್ತರ ಗೊತ್ತಿಲ್ಲ. ಸುರಪುರದಿಂದ ಕೊಡೇಕಲ್ಲಿಗೆ ಹೋಗುವ ದಾರಿಯಲ್ಲಿ ನಮ್ಮೂರು. ಊರ ಹಿಂದಿನ ಗುಡ್ಡದ ಬುಡದಲ್ಲಿ ನಮ್ಮ ಹೊಲ, ಹೊಲದ ಬದುವಿನ ಮೇಲೆ ಆ ಮರ. ಅಜ್ಜ ನೆಟ್ಟದ್ದು. ನಿಜಾಮರ ಆಳ್ವಿಕೆಯ ಕೊನೆಗಾಲದಲ್ಲಿ ಜಂಗಲಾತಿನವರು, ಅಂದರೆ ಕಾಡು ನೋಡಿಕೊಳ್ಳುವ ಸರ್ಕಾರಿ ಜನ, ಸುಣ್ಣ ಬಳಿದ ಕಲ್ಲು ನೆಟ್ಟು ಹೋದರು. ಕಲ್ಲಿನ ಆಚೆಗೆ ಸರ್ಕಾರದ ಕಾಡು. ಮರ ಆಚೆಗೆ ಹೋಯಿತು, ನೆರಳು ನಮ್ಮ ಹೊಲದಲ್ಲೇ ಉಳಿಯಿತು.

ಅದೇ ವರ್ಷ ಕಕ್ಕೇರಾದ ಮನೆತನದೊಂದಿಗೆ ನನ್ನ ಲಗ್ನ ಗೊತ್ತಾಯಿತು. ನಮ್ಮಲ್ಲಿ ಹಂದರಕ್ಕೆ ಮೊದಲು ಹಾಲಗಂಬ ನೆಡಬೇಕು. ಕಡಿದರೆ ಹಾಲು ಸುರಿಯುವ ಹಸಿ ಕೊಂಬೆಯೇ ಆಗಬೇಕು, ಅದೂ ನಮ್ಮ ಮನೆತನಕ್ಕೆ ಆ ಅತ್ತಿಯದೇ. ಐದನೇ ದಿನ ಅದನ್ನು ಕಿತ್ತು ಬಾವಿಗೆ ಬಿಟ್ಟರೆ ಲಗ್ನ ಮುಗಿದಂತೆ.

ಅಪ್ಪ ಕೊಡಲಿ ಹಿಡಿದು ಹೋದಾಗ ಕಾಡಿನ ಕಾವಲುಗಾರ ಅಡ್ಡ ನಿಂತ. ಹೊರಗಿನವನೇನಲ್ಲ, ನಮ್ಮೂರ ಮಸೀದಿ ಓಣಿಯ ಚಾಚಾ.

“ಒಣ ಕಟಗಿ ಒಯ್ಯಾಕ ಅಡ್ಡಿಯಿಲ್ರಿ ಗೌಡ್ರ. ಹಸಿ ಟೊಂಗಿ ಕಡದ್ರ ನಿಮಗ ಜೇಲು, ನನ್ನ ನೌಕರಿ ಹೋಗ್ತದ.”

“ನಮ್ಮಪ್ಪ ಹಚ್ಚಿದ ಗಿಡ ಅದು! ಕಾಯಿದೆದಾಗ ಲಗ್ನದ ಮಾತು ಏನರ ಅದನೋ, ನೋಡು.”

ಚಾಚಾ ಚೀಲದಿಂದ ಕಾಗದ ತೆಗೆದ. ಉರ್ದುವಿನಲ್ಲಿತ್ತು. ಹಿಂದೆ ಮುಂದೆ ತಿರುಗಿಸಿ ನೋಡಿ, “ಮಾತಾಡಾಕ ಬರ್ತದ್ರಿ, ಓದಾಕ ಬರಂಗಿಲ್ಲ,” ಎಂದ.

ಲಗ್ನಕ್ಕೆ ಮೂರೇ ದಿನ ಉಳಿದಿತ್ತು. ಲಗ್ನ ತಪ್ಪಿದರೆ ನನ್ನ ಗತಿ ಏನು ಎಂದು ನಾನು ಒಳಗೆ ಕುಳಿತು ಅಳುತ್ತಿದ್ದೆ. ಸರ್ಕಾರಕ್ಕೆ ನನ್ನ ಮೇಲೆ ಯಾಕಿಷ್ಟು ಹಗೆ ಎಂದೇ ತಿಳಿಯಲಿಲ್ಲ. ಅವ್ವ ಅಂಗಳದಲ್ಲಿ ನಿಂತು ಕೂಗಿದಳು:

“ಗಿಡ ಮನಿಗಿ ಬರಬಾರದಂದ್ರ ಲಗ್ನಾನೇ ಗಿಡದ ಬುಡಕ ಹೋಗ್ಲಿ!”

ಚಾಚಾ ತಲೆ ಕೆರೆದುಕೊಂಡ. ಕಡಿಯಬಾರದು, ಬೆಂಕಿ ಹಚ್ಚಬಾರದು ಎಂದು ಅವನಿಗೆ ಹೇಳಿದ್ದರು. ಲಗ್ನದ ವಿಷಯ ಯಾರೂ ಹೇಳಿರಲಿಲ್ಲ. ಕೊನೆಗೆ ಒಪ್ಪಿದ. ಅಡಿಗೆಯನ್ನು ಮನೆಯಲ್ಲೇ ಮಾಡಿ ಮರದ ಬಳಿಗೆ ಹೊತ್ತೊಯ್ದರು. ನಿಂತ ಮರಕ್ಕೇ ಅರಿಷಿಣ ಹಚ್ಚಿ, ಬುಡಕ್ಕೆ ಹಾಲೆರೆದು, ಅದನ್ನೇ ಹಾಲಗಂಬವೆಂದು ಕರೆದರು. ದೀಪದ ಪಕ್ಕದಲ್ಲಿ ಚಾಚಾ ನೀರಿನ ಕೊಡ ಹಿಡಿದು ನಿಂತಿದ್ದ. ಅಕ್ಕಿಕಾಳು ಅವನ ರುಮಾಲಿನ ಮೇಲೂ ಬಿದ್ದವು.

ಐದನೇ ದಿನ ಮತ್ತೆ ಗೊಂದಲ. ಬೇರು ಬಿಟ್ಟ ಮರವನ್ನು ಕೀಳುವುದು ಹೇಗೆ? ಲಗ್ನ ಮಾಡಿಸಿದ ಐನೋರು, “ಸರ್ಕಾರ ಬಿಟ್ಟಾಗ ನೋಡೂಣು,” ಎಂದು ದಕ್ಷಿಣೆ ತೆಗೆದುಕೊಂಡು ಹೋದರು. ನನ್ನ ಲಗ್ನ ಮುಗಿಯಿತೋ ಇಲ್ಲವೋ ತಿಳಿಯದೆ ನಾನು ಗಂಡನ ಮನೆಗೆ ನಡೆದೆ.

ನಾಲ್ಕನೇ ವರ್ಷ ಜ್ವರ ಬಂದು ಗಂಡ ತೀರಿಕೊಂಡ. ಹೆಂಗಸರು ನನ್ನ ಸುತ್ತ ಕೂತು ಬಳೆ ಒಡೆಯಲು ಕಲ್ಲು ಎತ್ತಿದರು. ಅಷ್ಟರಲ್ಲಿ ಅವ್ವ ಬಂದು ನನ್ನ ಎರಡೂ ಕೈ ಮಡಿಲಿಗೆ ಎಳೆದುಕೊಂಡಳು.

“ಹಾಲಗಂಬ ಇನ್ನೂ ಕಿತ್ತಿಲ್ಲ. ಹಂದರ ಇಳಿಸದಾಕಿ ಬಳಿ ಹ್ಯಾಂಗ ಒಡೀತೀರಿ? ಮೊದಲ ಸರ್ಕಾರದ ಗಿಡ ಕಿತ್ತು ಬರ್ರಿ, ಆಮ್ಯಾಲ ಒಡೀರಿ.”

ಅತ್ತೆ ಐನೋರಿಗೆ ಹೇಳಿಕಳಿಸಿದರು. ಇಂಥದ್ದು ತಾವು ಕೇಳಿಲ್ಲ ಎಂದು ಅವರು ಕೈ ಚೆಲ್ಲಿದರು. ಹೆಂಗಸರು ಕಲ್ಲು ಕೆಳಗಿಟ್ಟರು. ಗಂಡನಿಗಾಗಿ ಎದೆ ಒಡೆದು ಅಳುತ್ತಿದ್ದವಳಿಗೆ ಬಳೆ ಉಳಿದದ್ದಕ್ಕೆ ಯಾಕೆ ಸಮಾಧಾನವಾಯಿತು? ಎಂಥ ಹೆಂಗಸು ನಾನು? ಗೊತ್ತಿಲ್ಲ.

ವರ್ಷ ಕಳೆದು ತವರಿಗೆ ಬಂದಾಗ ಚಾಚಾ ಏದುಸಿರು ಬಿಡುತ್ತ ಅಂಗಳಕ್ಕೆ ಬಂದ. ಮುಖದ ತುಂಬ ಖುಷಿ.

“ಬೇಟಿ, ಅಳತಿ ತಪ್ಪಿತ್ತಂತ, ಕಲ್ಲು ಹಿಂದಕ ಸರಿಸ್ಯಾರ! ಗಿಡ ಈಗ ನಿಮ್ದೇ. ಕಡ್ಕೋರಿ, ಕೀಳ್ರಿ, ಯಾರೂ ಕೇಳಂಗಿಲ್ಲ.”

ಅಪ್ಪ ಸಂತೋಷದಿಂದ ಒಳಗೆ ಕೊಡಲಿ ಹುಡುಕುತ್ತಿದ್ದ. ನಾನು ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡೆ.

“ಬ್ಯಾಡ ಚಾಚಾ,” ಎಂದೆ. “ಅದು ಸರ್ಕಾರದ್ದೇ ಇರ್ಲಿ.”